ಎರೆಮಣ್ಣಿನ ಮೈದಾನ, ಹತ್ತು ತಿಂಗಳ ಸಂಬಳ

ಶಹಾಪುರದಲ್ಲಿ ಬೆಳಗ್ಗೆ ಐದೂವರೆಗೆ ರಸ್ತೆಗೆ ಬಂದರೆ, ಕತ್ತಲಲ್ಲೇ ಹುಡುಗರು ಗುಂಪು ಗುಂಪಾಗಿ ಓಡುವುದು ಕಾಣುತ್ತದೆ. ನಮ್ಮ ಕಡೆಯವರು ನೋಡಿದರೆ ಇವರೆಲ್ಲ ಶುಗರ್ ಇಳಿಸಲು ಓಡುವವರು ಎಂದುಕೊಂಡಾರು. ಮಂಗಳೂರಿನಲ್ಲಿ ಬೆಳಗ್ಗೆ ಓಡುವವರಲ್ಲಿ ಹೆಚ್ಚಿನವರು ಡಾಕ್ಟರ್ ಹೆದರಿಸಿದ ಮೇಲೆ ಓಡುವವರೇ ತಾನೇ! ಇಲ್ಲಿಯ ಓಟ ಬೇರೆ. ಇದು ಸಂಬಳಕ್ಕಾಗಿ ಓಡುವ ಓಟ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೆ ಗಂಡಸರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಹೆಂಗಸರಿಗೆ 400 ಮೀಟರ್, 2 ನಿಮಿಷ. ಅಗ್ನಿವೀರನಾಗಲು ಹೊರಟವನು 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನಲ್ಲಿ ಓಡಿದರೆ ಪೂರ್ತಿ 60 ಅಂಕ. ಯಾದಗಿರಿ, ಶಹಾಪುರ, ಸುರಪುರ, ಎಲ್ಲಿ ಹೋದರೂ ಕೈಯಲ್ಲಿ ಮೊಬೈಲ್ ಹಿಡಿದು ಸೆಕೆಂಡು ಎಣಿಸುತ್ತಾ ಓಡುವ ಇಪ್ಪತ್ತರ ಹರೆಯದವರು ಇದ್ದೇ ಇದ್ದಾರೆ.

ಸುಬಹಿ ನಮಾಝ್ ಮುಗಿಸಿ ನಾನೂ ಅವರ ಹಿಂದೆ ಓಡುತ್ತೇನೆ. ನನಗೆ ಪೊಲೀಸ್ ಆಗುವ ವಯಸ್ಸು ದಾಟಿದೆ. ನನ್ನ ಕಾರಣ ಫುಟ್ಬಾಲ್. ದೊಡ್ಡ ಮ್ಯಾಚಿನಲ್ಲಿ ಮಿಡ್‌ಫೀಲ್ಡ್ ಆಡುವವನು 90 ನಿಮಿಷಕ್ಕೆ ಹತ್ತರಿಂದ ಹನ್ನೆರಡು ಕಿಲೋಮೀಟರ್ ಓಡುತ್ತಾನೆ. ಅದರ ಅರ್ಧವನ್ನಾದರೂ ಓಡಲಾಗದವನು ಮಕ್ಕಳಿಗೆ 'ಓಡ್ರೋ' ಎಂದು ಸೀಟಿ ಊದುವುದು ಹೇಗೆ? ನಾನು ಶಹಾಪುರದ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಮಾಸ್ಟರ್. ಅಲ್ಲಿಯ ಮಕ್ಕಳ ಬಾಯಲ್ಲಿ 'ಪಿಟಿ ಸರ'. ಊರು ಕಸಬಾ ಬೆಂಗರೆ. ಬಂದರಿನಿಂದ ದೋಣಿ ಹತ್ತಿ ದಾಟಿದರೆ ಸಿಗುವ ನಮ್ಮ ಊರಿನಲ್ಲಿ ಹುಡುಗನೊಬ್ಬ ಫುಟ್ಬಾಲ್ ಮುಟ್ಟದೆ ದೊಡ್ಡವನಾದ ಎಂದರೆ ಅವನ ಉಮ್ಮನೇ ನಂಬಲಿಕ್ಕಿಲ್ಲ.

ಆರು ವರ್ಷದ ಹಿಂದೆ 'ಯಾದಗಿರಿಯಲ್ಲಿ ಕೆಲಸ' ಎಂದಾಗ ಮನೆಯಲ್ಲಿ ಯಾರಿಗೂ ಅದು ಎಲ್ಲಿ ಅಂತ ಗೊತ್ತಿರಲಿಲ್ಲ. ದಮ್ಮಾಮ್ ಎಲ್ಲಿ, ಜುಬೈಲ್ ಎಲ್ಲಿ, ಶಾರ್ಜಾದ ಯಾವ ಬೀದಿಯಲ್ಲಿ ಯಾರ ಅಂಗಡಿ ಎಂದು ಕೇಳಿದರೆ ನಮ್ಮ ಮನೆಯ ಮಕ್ಕಳೂ ಹೇಳುತ್ತಾರೆ. ನಮ್ಮದೇ ರಾಜ್ಯದ ಯಾದಗಿರಿ ಮಾತ್ರ ಗೊತ್ತಿಲ್ಲ. ಗುಲ್ಬರ್ಗದಿಂದ ಬೇರೆಯಾಗಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾದ ಊರು ಅದು. ಯಾದಗಿರಿಯಲ್ಲಿ ಕೋಟೆ, ಮುಂಬೈ-ಚೆನ್ನೈ ರೈಲು. ಶಹಾಪುರದಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟಸಾಲು. ಸುರಪುರದಲ್ಲಿ ನಾಯಕ ದೊರೆಗಳ ಅರಮನೆ, ಗುಡ್ಡದ ಮೇಲೆ ಟೇಲರ್ ಮಂಜಿಲ್. ಶಹಾಪುರದ ಪಕ್ಕದ ಗೋಗಿಯಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಮೊದಲ ಸುಲ್ತಾನರ ಗೋರಿಗಳಿವೆ. ನಮ್ಮವರು ಗೋಳಗುಮ್ಮಟ ನೋಡಲು ಬಸ್ಸು ಮಾಡಿಕೊಂಡು ಹೋಗುತ್ತಾರೆ, ಗೋಗಿಗೆ ಹೋದವರನ್ನು ನಾನು ಕಂಡಿಲ್ಲ. ಇನ್ನೊಂದು ಲೆಕ್ಕವನ್ನೂ ಹೇಳಬೇಕು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88 ದಾಟಿತ್ತು. ಯಾದಗಿರಿಯದು ಶೇ. 52ನ್ನೂ ಮುಟ್ಟಲಿಲ್ಲ, ರಾಜ್ಯಕ್ಕೇ ಕೊನೆ.

ಭಾಷೆಯ ಫಜೀತಿ ಬೇರೆ. ಮಸೀದಿಯಲ್ಲಿ ಸಲಾಮ್ ಹೇಳಿ ಕೈಕೊಟ್ಟವರು ಕೂಡಲೇ ಉರ್ದುವಿನಲ್ಲಿ ಶುರು ಮಾಡುತ್ತಾರೆ. ನನ್ನ ಉರ್ದು ಟಿ.ವಿ. ನೋಡಿ ಕಲಿತದ್ದು. ಅವರ ದಖನಿ ನನಗೆ ಅರ್ಧವೇ ಹತ್ತುತ್ತದೆ. 'ಮುಸಲ್ಮಾನ್ ಹೋಕೆ ಉರ್ದೂ ನೈ ಆತಿ ಕ್ಯಾ ಭಾಯ್?' ಎಂದು ಕೇಳಿದ ಹಿರಿಯರೊಬ್ಬರಿಗೆ ಬ್ಯಾರಿ ಭಾಷೆ ಅಂತ ಒಂದಿದೆ ಎಂದು ತಿಳಿಸಿ ಹೇಳಲು ಎರಡು ವರ್ಷ ಬೇಕಾಯಿತು. ಕೊನೆಗೆ ನಾವಿಬ್ಬರೂ ಕನ್ನಡಕ್ಕೆ ಬಂದು ನಿಂತೆವು. ಈಗ ಅವರ ಮನೆಯಿಂದ ವಾರಕ್ಕೊಮ್ಮೆ ನನ್ನ ರೂಮಿಗೆ ಜೋಳದ ರೊಟ್ಟಿ, ಪುಂಡಿ ಪಲ್ಯ ಬರುತ್ತದೆ. ಬೂತಾಯಿ ಇಲ್ಲದ ಊರಿನಲ್ಲಿ ಅದೇ ದೊಡ್ಡದು.

ಇನ್ನು ಫುಟ್ಬಾಲ್. ಅಲ್ಲಿ ಹುಡುಗರಿಗೆ ಕ್ರಿಕೆಟ್, ಕಬಡ್ಡಿ, ಖೋಖೋ, ವಾಲಿಬಾಲ್ ಗೊತ್ತು. ಫುಟ್ಬಾಲ್ ಎಂದರೆ ಟಿ.ವಿ.ಯಲ್ಲಿ ಬರುವ ಆಟ. ಮೊದಲ ವಾರ ನಾನು ಚೆಂಡು ಇಟ್ಟಾಗ ಒಬ್ಬ ಹುಡುಗ 'ಓಡಾಕ ಬರ್ತದ್ರೀ ಸರ, ಒದಿಯಾಕ ಬರಂಗಿಲ್ರೀ' ಅಂದ. ಸತ್ಯವೇ ಹೇಳಿದ್ದ. ಓಟದಲ್ಲಿ ಅವರನ್ನು ಹಿಡಿಯುವವರಿಲ್ಲ, ಚೆಂಡು ಕಾಲಿಗೆ ಸಿಕ್ಕಿದ ಕೂಡಲೇ ಕಾಲು ಬೇರೆ ಕಡೆ, ಚೆಂಡು ಬೇರೆ ಕಡೆ. ನಮ್ಮ ಬೆಂಗರೆಯ ಹುಡುಗರು ಇದಕ್ಕೆ ತಿರುಗಮುರುಗ. ಹೊಯ್ಗೆಯಲ್ಲಿ ಆಡಿ ಬೆಳೆದವರಿಗೆ ಚೆಂಡು ಕಾಲಿಗೆ ಅಂಟಿಕೊಂಡಿರುತ್ತದೆ, ಯಾಕೆಂದರೆ ಹೊಯ್ಗೆಯಲ್ಲಿ ಚೆಂಡು ತಾನಾಗಿ ಉರುಳುವುದಿಲ್ಲ, ನಾವೇ ಒಯ್ಯಬೇಕು. ಎರೆಮಣ್ಣಿನ ಕತೆ ಬೇರೆ. ಬೇಸಿಗೆಯಲ್ಲಿ ಸೀಳು ಬಿಟ್ಟು ಕಲ್ಲಿನ ಹಾಗೆ ಗಟ್ಟಿ. ಚೆಂಡು ಒಂದು ಸೀಳಿಗೆ ತಾಗಿದರೆ ಎಡಕ್ಕೆ, ಇನ್ನೊಂದಕ್ಕೆ ತಾಗಿದರೆ ಬಲಕ್ಕೆ. ಮಳೆ ಬಂದರೆ ಮೈದಾನವಿಡೀ ಅಂಟು. ಕಾಲು ಎತ್ತಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ.

ಹಾಗಾಗಿ ನಮ್ಮ ತಂಡದ ಅರ್ಧ ಜನ ಬರಿಗಾಲು. ಬೂಟು ಕೊಳ್ಳಲು ಹಣವಿಲ್ಲ ಎನ್ನುವುದು ಮೊದಲ ಕಾರಣ, ಅಂಟು ಎರಡನೆಯದು. ಅವರಿಗೆ ನಾನು 1948ರ ಲಂಡನ್ ಒಲಿಂಪಿಕ್ಸ್ ಕತೆ ಹೇಳುತ್ತೇನೆ. ಸ್ವತಂತ್ರ ಭಾರತದ ತಂಡ ಜುಲೈ 31ರಂದು ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ಸಿಕ್ಕಿತು, ಎರಡೂ ಗೋಲಾಗಲಿಲ್ಲ. 2-1ರಲ್ಲಿ ಸೋತರು. ಭಾರತದ ಆ ಒಂದು ಗೋಲು ಹೊಡೆದದ್ದು ನಮ್ಮ ಮೈಸೂರು ಸೀಮೆಯ ಎಸ್. ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ 'ಪಂಚ ಪಾಂಡವ'ರಲ್ಲಿ ಒಬ್ಬರಾದವರು. ಪೆನಾಲ್ಟಿ ತಪ್ಪಿದ ಕತೆ ಬಂದಾಗಲೆಲ್ಲ ಮಕ್ಕಳು ಒಟ್ಟಿಗೆ 'ಅಯ್ಯ' ಎನ್ನುತ್ತಾರೆ, ಮೊನ್ನೆ ನಡೆದ ಮ್ಯಾಚಿನ ಹಾಗೆ.

ಸೆಖೆಯ ಮಾತು ಹೇಳದೆ ಯಾದಗಿರಿಯ ಮಾತು ಮುಗಿಯದು. ಏಪ್ರಿಲಿನಲ್ಲಿ 40 ಡಿಗ್ರಿ ದಾಟುತ್ತದೆ. ನಮ್ಮ ಕರಾವಳಿಯ ಸೆಖೆ ಬೆವರಿಸುತ್ತದೆ, ಅಲ್ಲಿಯದು ಸುಡುತ್ತದೆ, ಬೆವರೂ ಕಾಣುವುದಿಲ್ಲ. 2014ರ ವಿಶ್ವಕಪ್‌ನಲ್ಲಿ ಫೋರ್ಟಲೇಝಾದಲ್ಲಿ ನೆದರ್‌ಲೆಂಡ್ಸ್-ಮೆಕ್ಸಿಕೊ ಮ್ಯಾಚನ್ನು ನಡುವೆ ನಿಲ್ಲಿಸಿ ಆಟಗಾರರಿಗೆ ನೀರು ಕೊಟ್ಟದ್ದು ದೊಡ್ಡ ಸುದ್ದಿಯಾಗಿತ್ತು. ಈ ಸಲದ ವಿಶ್ವಕಪ್‌ನಲ್ಲಿ ಎಲ್ಲ ಮ್ಯಾಚಿನ ಎರಡೂ ಅರ್ಧದಲ್ಲಿ ಮೂರು ಮೂರು ನಿಮಿಷ ನೀರಿಗೆಂದೇ ಬಿಡುವು ಇಟ್ಟಿದ್ದಾರೆ. ಶಹಾಪುರದಲ್ಲಿ ನಾನು ಎಂಟು ನಿಮಿಷಕ್ಕೊಮ್ಮೆ ಸೀಟಿ ಊದುತ್ತೇನೆ. ಫಿಫಾ ಏನೇ ಹೇಳಲಿ, ಬೇರೆಯವರ ಮಕ್ಕಳು.

ಮ್ಯಾಚ್ ನೋಡುವುದು ನನ್ನ ಇನ್ನೊಂದು ಕಾಯಿಲೆ. ಚಾಂಪಿಯನ್ಸ್ ಲೀಗ್ ಚಳಿಗಾಲದಲ್ಲಿ ನಮ್ಮ ರಾತ್ರಿ ಒಂದೂವರೆಗೆ. ನೋಡಿ ಮುಗಿಸಿ ಮಲಗಿದರೆ ಓಟಕ್ಕೆ ಏಳಲಾಗದು, ಓಡಿದರೆ ಮೂರನೇ ಪೀರಿಯಡ್‌ನಲ್ಲಿ ಕಣ್ಣು ಕೂರುತ್ತದೆ. ಯುರೋಪಿನ ಕ್ಲಬ್‌ಗಳನ್ನು ಬೆಂಬಲಿಸುವುದು ಸುಲಭ ಮಾರಾಯ್ರೆ, ಅವರು ಗೆಲ್ಲುತ್ತಾರೆ. ಭಾರತವನ್ನು ಬೆಂಬಲಿಸಿ ನೋಡಿ. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತು, ಸುನಿಲ್ ಚೇಟ್ರಿ ಮೂರು ಗೋಲು ಹೊಡೆದರು. ನೋಡಲು ಬಂದವರು 2,569 ಮಂದಿ. ನಮ್ಮ ಕಡೆ ಒಂದು ಮಧ್ಯಮ ಮದುವೆಗೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ! ಬೈಯಲಿಕ್ಕಾದರೂ ಸ್ಟೇಡಿಯಂಗೆ ಬನ್ನಿ ಎಂದು ಚೇಟ್ರಿ ವೀಡಿಯೊ ಮಾಡಿ ಬೇಡಿಕೊಂಡ ಮೇಲೆ ಮುಂದಿನ ಮ್ಯಾಚಿನ ಟಿಕೆಟ್ ಪೂರ್ತಿ ಖರ್ಚಾಯಿತು.

ಅದೇ ಚೇಟ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ 0-0ಯಲ್ಲಿ ವಿದಾಯ ಹೇಳಿದಾಗ ನನ್ನ ಕಣ್ಣು ಒದ್ದೆಯಾದದ್ದು ನಿಜ. ಐದೇ ದಿನಕ್ಕೆ ಕತಾರ್‌ನಲ್ಲಿ, ಗೆರೆ ದಾಟಿ ಹೋಗಿದ್ದ ಚೆಂಡನ್ನು ಎಳೆದು ತಂದು ಹೊಡೆದ ಗೋಲನ್ನು ರೆಫರಿ ಒಪ್ಪಿದ, 2-1ರ ಸೋಲು, ವಿಶ್ವಕಪ್ ದಾರಿ ಬಂದ್. ಆಮೇಲೆ ಚೇಟ್ರಿಯನ್ನು ವಾಪಸ್ ಕರೆಸಿದರು. 2025ರ ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಾಪುರಕ್ಕೆ 2-1ರಲ್ಲಿ ಸೋತು ಏಷ್ಯಾ ಕಪ್ಪೂ ಹೋಯಿತು. ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತರು. ಅವತ್ತು ನನ್ನ ಹೆಂಡತಿ ಫೋನಿನಲ್ಲಿ, 'ನಿಮಗೆ ಬೇರೆ ಎಂತಾದರೂ ಹವ್ಯಾಸ ಇಲ್ವಾ? ಗಾಳ ಹಾಕುವುದು, ಹಾಗೆ ಎಂತಾದರೂ?' ಎಂದು ಕೇಳಿದಳು.

ಸಂತೋಷ ಸಿಕ್ಕಿದ್ದು ಒಂದೇ ಒಂದು ಸಲ, ಅದೂ ಸೌದಿಯಲ್ಲಿ. 2023ರ ಮಾರ್ಚ್ 4ರಂದು ಸಂತೋಷ್ ಟ್ರೋಫಿ ಫೈನಲ್ ನಡೆದದ್ದು ರಿಯಾದಿನ ಕಿಂಗ್ ಫಹದ್ ಸ್ಟೇಡಿಯಂನಲ್ಲಿ. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಅದಕ್ಕೆ ಮೊದಲು ನಾವು ಈ ಕಪ್ ಗೆದ್ದದ್ದು 1968-69ರಲ್ಲಿ, ಆಗ ರಾಜ್ಯದ ಹೆಸರೇ ಮೈಸೂರು. ರಿಯಾದಿನಲ್ಲಿ ಕೆಲಸದಲ್ಲಿದ್ದ ನನ್ನ ಭಾವ ಗ್ಯಾಲರಿಯಲ್ಲಿ ಕೂತು 'ಕರ್ನಾಟಕ, ಕರ್ನಾಟಕ' ಎಂದು ಕೂಗಿದ್ದನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದ. ಐವತ್ತನಾಲ್ಕು ವರ್ಷಕ್ಕೆ ಬಂದ ಕಪ್. ಮರುದಿನ ಶಹಾಪುರದ ಚಹಾದಂಗಡಿಯಲ್ಲಿ ಹೇಳಿದರೆ ಯಾರಿಗೂ ಸುದ್ದಿಯೇ ಗೊತ್ತಿರಲಿಲ್ಲ.

ಇದೇ ಭಾವನಿಂದ ಈಗ ಇನ್ನೊಂದು ಮಾತು ಬಂದಿದೆ. ಅವನು ಈಗ ದಮ್ಮಾಮ್‌ನಲ್ಲಿ. ಸೂಪರ್ ಮಾರ್ಕೆಟಿನಲ್ಲಿ ಒಂದು ಕೆಲಸ ಖಾಲಿ ಇದೆ, 1,800 ರಿಯಾಲ್, ರೂಮು ಅವರದ್ದೇ, ಎರಡು ವರ್ಷದ ಕರಾರು. ನಮ್ಮ ದುಡ್ಡಿನಲ್ಲಿ 40 ಸಾವಿರ ದಾಟುತ್ತದೆ.

ನನ್ನ ಸಂಬಳ 14 ಸಾವಿರ. ಅದೂ ಹತ್ತು ತಿಂಗಳಿಗೆ. ಏಪ್ರಿಲ್, ಮೇ ಎರಡು ತಿಂಗಳು ಶಾಲೆ ಇಲ್ಲ, ಸಂಬಳವೂ ಇಲ್ಲ. ಇದು ನನ್ನೊಬ್ಬನ ಕತೆಯಲ್ಲ. ಖಾಸಗಿ ಶಾಲೆಯಲ್ಲಿ ದುಡಿಯುವ ಮೇಷ್ಟ್ರು, ಟೀಚರಮ್ಮ ಯಾರನ್ನು ಬೇಕಾದರೂ ಕೇಳಿ, ನಮ್ಮ ಮಂಗಳೂರಿನಲ್ಲೇ ಕೇಳಿ. ರಜೆಯಲ್ಲಿ ಮಕ್ಕಳ ಹೊಟ್ಟೆಗೂ ರಜೆ ಇರುತ್ತದೆಯೇ ಎಂದು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ಕೇಳಿದವನಿಗೆ ಜೂನಿನಲ್ಲಿ ಕರೆ ಬರುವುದಿಲ್ಲ. ಈ ಸಲ ಫೆಬ್ರವರಿಯ ಸಂಬಳವೇ ಏಪ್ರಿಲಿಗೆ ಬಂತು. ಮಾರ್ಚಿನದು ಇನ್ನೂ ಬಾಕಿ. ಬಂದ ಹಣದಲ್ಲಿ ರೂಮಿನ ಬಾಡಿಗೆ, ಬಸ್ಸು, ಊಟ ಹೋಗಿ ಬೆಂಗರೆಗೆ ಕಳಿಸುವುದು ಎಂಟು ಸಾವಿರ. ಕಳಿಸಲಾಗದ ತಿಂಗಳು ಹೆಂಡತಿ ಹೊಲಿಗೆ ಮಿಷನಿನಲ್ಲಿ ದೂಡುತ್ತಾಳೆ.

ದೊಡ್ಡ ಆಟಗಾರರಿಗೂ ಇದೇ ಗತಿ ಬಂದಿತ್ತು ಎನ್ನುವುದು ಒಂದು ವಿಚಿತ್ರ ಸಮಾಧಾನ. ಕಳೆದ ವರ್ಷ ಫೆಡರೇಶನ್ನಿಗೂ ಲೀಗ್ ನಡೆಸುವ ಕಂಪೆನಿಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಮುಗಿಯಲು ಬಂತು, ಹೊಸದು ಆಗಲಿಲ್ಲ. ಜುಲೈಯಲ್ಲಿ ಐಎಸ್ಎಲ್ ನಿಂತಿತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿದೆ ಎಂದು ಪ್ರಕಟಿಸಿತು. ಚೇಟ್ರಿ ಇರುವ ತಂಡ! 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತನಕ ಹೋದ ತಂಡ. ನಾನು ಶಹಾಪುರದಿಂದ ಸುಮಾರು 500 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ನಿಂತು ಕೂಗಿದ್ದು ಅದಕ್ಕಾಗಿ. ಲೀಗ್ ಮತ್ತೆ ಶುರುವಾಗಲು ತಿಂಗಳುಗಟ್ಟಲೆ ಹಿಡಿಯಿತು. ಚೇಟ್ರಿಯ ಮನೆಯಲ್ಲಿ ಅಕ್ಕಿಗೆ ತೊಂದರೆಯಾಗಲಿಕ್ಕಿಲ್ಲ. ಆದರೆ ಆಟಗಾರರ ಕಾಲಿಗೆ ಎಣ್ಣೆ ತಿಕ್ಕುವವನು, ಬೂಟು-ಜೆರ್ಸಿ ನೋಡಿಕೊಳ್ಳುವವನು, ಬಸ್ಸು ಓಡಿಸುವವನು? ನನಗೆ ಅವರದೇ ಯೋಚನೆ ಬಂದದ್ದು.

ದಮ್ಮಾಮ್‌ಗೆ ಹೋದರೆ ಫುಟ್ಬಾಲಿಗೇನೂ ಬರಗಾಲವಿಲ್ಲ. ಅಲ್ಲಿ ಅಲ್ ಇತ್ತಿಫಾಕ್ ಕ್ಲಬ್ಬೇ ಇದೆ. ರಿಯಾದಿನ ಅಲ್ ನಸ್ರ್‌ಗೆ ರೊನಾಲ್ಡೊ ಬಂದಾಗ ವರ್ಷಕ್ಕೆ ಸುಮಾರು 20 ಕೋಟಿ ಯೂರೊ ಎಂದು ಪತ್ರಿಕೆಗಳು ಬರೆದವು. 2034ರ ವಿಶ್ವಕಪ್ ಕೂಡ ಸೌದಿಯಲ್ಲಿ. 'ಇಲ್ಲಿ ಬಂದರೆ ಟಿಕೆಟ್ ತೆಗೆದು ನೋಡಬಹುದು, ಅಲ್ಲಿ ಮೊಬೈಲಿನಲ್ಲಿ ಕಣ್ಣು ಹಾಳು ಮಾಡಿಕೊಳ್ಳುತ್ತೀಯಲ್ಲ' ಎಂದು ಭಾವ ಆಸೆ ಹುಟ್ಟಿಸುತ್ತಾನೆ. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಸ್ಟೇಡಿಯಂಗೆ ಹೋಗುವವರು ಎಷ್ಟು ಜನ ಎಂದು ಕೇಳಿದೆ. ಮಾತು ತಿರುಗಿಸಿದ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಬಾಪ ಹದಿನೇಳು ವರ್ಷ ಜಿದ್ದಾದಲ್ಲಿದ್ದವರು, 'ನಾನು ಹೇಳುವುದಿಲ್ಲ, ನೀನೇ ನೋಡು' ಎಂದು ಸುಮ್ಮನಾದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನೆಹರೂ ಮೈದಾನದಲ್ಲಿ ಆಡಿದ್ದನ್ನು ಅವರು ನೋಡಿಲ್ಲ. ಫೋಟೊ ಕಳಿಸಿದ್ದೆವು, ಅದು ತಲುಪಲು ತಿಂಗಳು ಹಿಡಿದಿತ್ತು. ಉಮ್ಮನಿಗೆ ಸಾಲದ ಚಿಂತೆ. ತಂಗಿಯ ಮದುವೆಯ ಬಾಕಿ ಇನ್ನೂ ಒಂದೂವರೆ ಲಕ್ಷ ಇದೆ. ಹೆಂಡತಿಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ: 'ಶಹಾಪುರವೂ ಗಲ್ಫೇ ಅಲ್ವಾ? ವರ್ಷಕ್ಕೆ ಮೂರು ಸಲ ಬರುತ್ತೀರಿ. ಬಿಸಿಲೂ ಉಂಟು. ಸಂಬಳ ಮಾತ್ರ ಇಲ್ಲ.' ಮಗಳಿಗೆ ಏಳು ವರ್ಷ. ರಜೆಯಲ್ಲಿ ಬೆಳಗ್ಗೆ ನನ್ನ ಜೊತೆ ಕಡಲ ಬದಿಯಲ್ಲಿ ಓಡಲು ಬರುತ್ತಾಳೆ, ಇನ್ನೂರು ಹೆಜ್ಜೆಗೆ ನಿಂತು ಚಿಪ್ಪು ಹೆಕ್ಕುತ್ತಾಳೆ. ಅವಳನ್ನು ಯಾರೂ ಕೇಳಿಲ್ಲ.

ಲೆಕ್ಕ ಸುಲಭ, ಒಂದೇ ನಿಮಿಷದ್ದು. ಆದರೂ ನಾನು ಹೂಂ ಎನ್ನದೆ ಎಳೆಯುತ್ತಿರುವುದಕ್ಕೆ ಕಾರಣ ಒಂಬತ್ತನೇ ಕ್ಲಾಸು ಮುಗಿಸಿದ ಒಬ್ಬಳು ಹುಡುಗಿ. ಅವಳ ಅಪ್ಪ-ಅವ್ವ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಯವರು ಇದಕ್ಕೆ 'ಗುಳೆ' ಎನ್ನುತ್ತಾರೆ. ಯಾದಗಿರಿ ಜಿಲ್ಲೆಯ ಹಳ್ಳಿ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಬಸ್ಸು ತುಂಬಾ ಜನ ಹೊರಡುವುದನ್ನು ನೋಡಿದಾಗ ಬಜಪೆ ಏರ್‌ಪೋರ್ಟಿನ ಗೇಟಿನಲ್ಲಿ ನಿಂತ ನಮ್ಮ ಉಮ್ಮಂದಿರು ನೆನಪಾಗುತ್ತಾರೆ. ವ್ಯತ್ಯಾಸ ಎಂದರೆ ನಮ್ಮವರು ಹೋದರೆ ಮನೆಗೆ ಟೈಲ್ಸ್ ಬರುತ್ತದೆ, ಅವರು ಹೋದರೆ ಸಾಲ ತೀರಿದರೆ ಹೆಚ್ಚು.

ಈ ಹುಡುಗಿ ಅಜ್ಜಿಯ ಜೊತೆ ಇದ್ದು ಓದಿದಳು. ಬರಿಗಾಲಲ್ಲಿ 400 ಮೀಟರನ್ನು ಒಂದು ನಿಮಿಷ ಹನ್ನೆರಡು ಸೆಕೆಂಡಿಗೆ ಓಡುತ್ತಾಳೆ. ಪೊಲೀಸ್ ಕೆಲಸಕ್ಕೆ ಎರಡು ನಿಮಿಷ ಕೊಡುತ್ತಾರೆ ಎಂದು ಹೇಳಿದಾಗ ಅವಳು, 'ಉಳಿದ ಟೈಮಿನಾಗ ಏನ್ ಮಾಡ್ಬೇಕ್ರಿ ಸರ?' ಎಂದು ಕೇಳಿದಳು. ಫುಟ್ಬಾಲಿನಲ್ಲಿ ಬಲಗಡೆ ಆಡುತ್ತಾಳೆ. ಡಿಸೆಂಬರಿನಲ್ಲಿ ಸುರಪುರದ ಒಂದು ಶಾಲೆಯ ಜೊತೆ ನಮ್ಮ ಹುಡುಗರು, ಹುಡುಗಿಯರು ಬೆರೆತ ತಂಡದ ಮ್ಯಾಚ್ ಇಟ್ಟಿದ್ದೆವು. 5-1ರಲ್ಲಿ ಸೋತೆವು. ಆ ಒಂದು ಗೋಲು ಅವಳದ್ದು. ಒದ್ದು ಹೊಡೆದದ್ದಲ್ಲ, ಚೆಂಡನ್ನು ಮುಂದೆ ಬಿಟ್ಟುಕೊಂಡು ಎಲ್ಲರಿಗಿಂತ ಮೊದಲು ಓಡಿ ಚೆಂಡಿನ ಜೊತೆಗೆ ತಾನೂ ಗೋಲಿನೊಳಗೆ ಹೋದಳು. ಬರುವಾಗ ಟೆಂಪೊದಲ್ಲಿ ಯಾರೂ ಸೋತವರ ಹಾಗೆ ಇರಲಿಲ್ಲ.

ಈ ವರ್ಷ ಅವಳನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗುವ ಮಾತು ನಡೆದಿದೆ. ಮನೆಯಲ್ಲಿ ದುಡಿಯುವ ಇನ್ನೊಂದು ಜೋಡಿ ಕೈ ಬೇಕು. ಮಾರ್ಚಿನಲ್ಲಿ ಅವಳ ಅಪ್ಪನ ಜೊತೆ ಮಾತಾಡಿದೆ. ಒಳ್ಳೆಯ ಮನುಷ್ಯ, ನನ್ನನ್ನು ಕೂರಿಸಿ ಚಹಾ ಕೊಟ್ಟು, 'ನೀವ್ ಇರ್ತೀರೇನ್ರಿ ಸರ ಮುಂದಿನ ವರ್ಸ? ಹತ್ತನೇತ್ತ ಮುಗಿಯೂತನಕ ನೀವ್ ನೋಡ್ಕೋತೀನಿ ಅಂದ್ರ ಬಿಟ್ ಹೋಗ್ತೀನ್ರಿ' ಎಂದರು. ನಾನು ಇರುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಆಗ ದಮ್ಮಾಮ್‌ನ ಮೆಸೇಜು ನನ್ನ ಜೇಬಿನಲ್ಲೇ ಇತ್ತು.

ಜೂನ್ 11ರಿಂದ ವಿಶ್ವಕಪ್. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರು ದೇಶದಲ್ಲಿ, ಮೊದಲ ಸಲ 48 ತಂಡ. ಮೊದಲ ಮ್ಯಾಚ್ ನಮಗೆ ರಾತ್ರಿ ಹನ್ನೆರಡೂವರೆಗೆ, ಜುಲೈ 19ರ ಫೈನಲ್ ಕೂಡ ಅದೇ ಹೊತ್ತಿಗೆ. ಜೋರ್ಡಾನ್, ಉಝ್ಬೆಕಿಸ್ತಾನ್ ಮೊದಲ ಸಲ ಬಂದಿವೆ. ಮನೆಯಲ್ಲಿ ಮಕ್ಕಳಿಗೆ ಕೇಪ್ ವರ್ಡೆ, ಕುರಸಾವೊ ಎಂಬ ಎರಡು ತಂಡ ತೋರಿಸಿ. ಕೇಪ್ ವರ್ಡೆಯ ಜನಸಂಖ್ಯೆ ಐದು ಲಕ್ಷ ಚಿಲ್ಲರೆ, ಕುರಸಾವೊದ್ದು ಒಂದೂವರೆ ಲಕ್ಷದ ಆಸುಪಾಸು. ನಮ್ಮ ಯಾದಗಿರಿ ಜಿಲ್ಲೆಯಲ್ಲಿ 2011ರಲ್ಲೇ 11 ಲಕ್ಷ 74 ಸಾವಿರ ಜನ. ದಕ್ಷಿಣ ಕನ್ನಡದಲ್ಲಿ 20 ಲಕ್ಷ ಮೀರಿ. ಈ ಲೆಕ್ಕವನ್ನು ನಾನು ಶಹಾಪುರದ ಬೋರ್ಡಿನಲ್ಲಿ ಬರೆದು ತೋರಿಸಿದಾಗ ಒಬ್ಬ ಹುಡುಗ, 'ಹಂಗಾರ ನಮ್ ಜಿಲ್ಲಾದಾಗ ಎಷ್ಟ್ ಟೀಮ್ ಆಗ್ತಾವ್ರಿ?' ಎಂದು ಭಾಗಾಕಾರ ಮಾಡಲು ಕೂತ. ಗಣಿತದ ಟೀಚರ್ ಖುಷಿಪಟ್ಟರು.

ಭಾವನಿಗೆ ಮೇ 25ರೊಳಗೆ ಉತ್ತರ ಹೇಳಬೇಕು, ಪಾಸ್‌ಪೋರ್ಟ್ ಕಾಪಿ ಕಳಿಸಬೇಕು. ಶಾಲೆ ಶುರುವಾಗುವುದು ತಿಂಗಳ ಕೊನೆಗೆ. ಮಾರ್ಚಿನ ಸಂಬಳ ಕೇಳಲು ಮೊನ್ನೆ ಫೋನ್ ಮಾಡಿದ್ದೆ, 'ಜೂನಿನಲ್ಲಿ ಬರ್ರಿ, ನೋಡೋಣು' ಎಂಬ ಉತ್ತರ ಬಂತು. ಪಾಸ್‌ಪೋರ್ಟ್ ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ, ಇನ್ನೂ ನಾಲ್ಕು ವರ್ಷ ಚಾಲ್ತಿಯಲ್ಲಿದೆ. ಅದರ ಪಕ್ಕದಲ್ಲಿ, ಬಂದರಿನ ಅಂಗಡಿಯಿಂದ ನಿನ್ನೆ ತಂದ ಚೆಂಡಿಗೆ ಗಾಳಿ ಹಾಕುವ ಸೂಜಿಗಳ ಪ್ಯಾಕೆಟ್ ಇದೆ. ಶಹಾಪುರದಲ್ಲಿ ಅದು ಸಿಗುವುದಿಲ್ಲ. ಒಂದು ಪ್ಯಾಕೆಟಿನಲ್ಲಿ ಹತ್ತು.